ಸೋಪು ತಾಗಬಾರದ ಬಟ್ಟೆ

"ಅಯ್ಯೋ! ಏನ್ರೀ ಮಾಡ್ತಿದ್ದೀರಾ? ಬಿಡ್ರೀ ಅದನ್ನ!"

ಅವಳ ಕೂಗಿಗೆ ಇಡೀ ಮುದ್ರಣಾಲಯವೇ ಒಮ್ಮೆ ಕೈ ನಿಲ್ಲಿಸಿತು.

ಹಳೆಯ ಯಂತ್ರದೊಳಗೆ ಅರ್ಧ ಮೈ ತೂರಿಸಿ ಕೂತಿದ್ದ ಮೆಕ್ಯಾನಿಕ್ ಗಾಬರಿಯಿಂದ ತಲೆಯೆತ್ತಿ, ಮೇಲಿದ್ದ ಕಬ್ಬಿಣದ ಪಟ್ಟಿಗೆ ಹಣೆ ಬಡಿಸಿಕೊಂಡ. ಅವನ ಕೈಯಲ್ಲಿ ಕಂದು ಬಣ್ಣದ ಒಂದು ಒದ್ದೆ ಬಟ್ಟೆ. ಅದರ ತುಂಬ ಕಪ್ಪು ಮಸಿ, ಗ್ರೀಸು.

"ಏನಾಯ್ತು ಮೇಡಂ? ರೋಲರ್ ಮೇಲಿನ ಮಸಿ ಒರೆಸ್ತಿದ್ದೆ..."

"ಅದು ಮಸಿ ಬಟ್ಟೆ ಅಲ್ಲ! ನಾನು ಕಾಫಿ ಸೋಸೋ ಬಟ್ಟೆ!"

ಅವನು ಬಟ್ಟೆ ನೋಡಿದ. ಅವಳನ್ನು ನೋಡಿದ. ಮತ್ತೆ ಬಟ್ಟೆ ನೋಡಿದ.

"ಇದ್ರಲ್ಲಿ... ಕಾಫಿ ಮಾಡ್ಕೊಂಡು... ಕುಡೀತೀರಾ?"

ಅವನು ಬಟ್ಟೆ ಹಾಳು ಮಾಡಿದ್ದನ್ನಾದರೂ ಅವಳು ಕ್ಷಮಿಸುತ್ತಿದ್ದಳೇನೋ. ಆದರೆ ಆ ಪ್ರಶ್ನೆ ಕೇಳಿದಾಗ ಮುಖದ ಮೇಲೆ ಬಂದ ಅಸಹ್ಯವಿತ್ತಲ್ಲ... ಅದಕ್ಕೇ ಅವಳ ಮೈಯೆಲ್ಲ ಉರಿದುಹೋಯಿತು!

ಪಾಪ, ತಪ್ಪು ಪೂರ್ತಿ ಅವನದೇ ಅಲ್ಲ. ಅಲ್ಲಿ ಎಲ್ಲಿ ಯಾವ ಚಿಂದಿ ಕಂಡರೂ ಅದು ಯಂತ್ರ ಒರೆಸುವ ಚಿಂದಿಯೇ. ಅವಳು ಬಟ್ಟೆಯನ್ನು ತೊಳೆದು ನಲ್ಲಿಯ ಪಕ್ಕ ಇಟ್ಟು, ನೀರಿನ ಬಟ್ಟಲು ತರಲು ಹೋಗಿದ್ದಳು. ಅವನು ಮೊದಲ ಸಲ ಅಲ್ಲಿಗೆ ರಿಪೇರಿಗೆ ಬಂದವನು. ಅಂಗಿಯ ಜೇಬಿನಿಂದ ಒಂದು ಸ್ಪ್ಯಾನರ್ ಇಣುಕುತ್ತಿದ್ದುದರಿಂದ ಮಧ್ಯಾಹ್ನದೊಳಗೆ ಎಲ್ಲರ ಬಾಯಲ್ಲೂ ಅವನ ಹೆಸರು 'ಸ್ಪ್ಯಾನರ್' ಆಗಿಹೋಯಿತು.

ಅವಳು ಅಲ್ಲಿ ಕರಡು ತಿದ್ದುವವಳು. ಹೀಗಾಗಿ ಎಲ್ಲರಿಗೂ 'ಕರಡು ಮೇಡಂ'. ಬೆಳಿಗ್ಗೆ ಅವಳ ಬಟ್ಟೆಯಿಂದ ಒಂದೊಂದೇ ಲೋಟವಾಗಿ ಇಳಿದ ಕಾಫಿ ಹೊಟ್ಟೆಗೆ ಬೀಳದೆ ಅಲ್ಲಿ ಯಾರಿಗೂ ಕೈಕಾಲು ಆಡುತ್ತಿರಲಿಲ್ಲ.

"ಸಾರಿ ಮೇಡಂ. ಹೊಸದು ತಂದುಕೊಡ್ತೀನಿ. ಅಂಗಡೀಲಿ ಪೇಪರಿಂದು ಸಿಗುತ್ತೆ, ಕುಡಿದು ಎಸೆದುಬಿಡಬಹುದು..."

"ಎಸೆಯೋದು ನನಗೆ ಬರಲ್ಲ! ಹಾಳು ಮಾಡಿದ್ದು ನೀವು. ಹೊಲಿದು ಕೊಡೋದೂ ನೀವೇ. ನಿಮ್ಮ ಕೈಯಾರೆ."

"ನಂಗೆ ಹೊಲಿಗೆ ಬರಲ್ಲ..."

"ಕಲೀರಿ!"

ಹಾಗೆಂದು ತಿರುಗಿ ನಡೆದವಳಿಗೆ ತನ್ನ ಗಾಜಿನ ಕೋಣೆಯಲ್ಲಿ ಕೂತ ಮೇಲೆ ಮನಸ್ಸು ಚುಚ್ಚಿತು. 'ಹಣೆ ಬೇರೆ ಊದಿತ್ತು. ಸ್ವಲ್ಪ ಜಾಸ್ತಿಯೇ ಆಯಿತೇನೋ...'

ಮರುಕ್ಷಣವೇ ಪೆನ್ನು ಎತ್ತಿಕೊಂಡಳು. 'ಆಗಲಿ! ಕಲೀಲಿ!'

*

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದದ್ದು ಅವಳ ಚಿಕ್ಕಮ್ಮ. ಅಮ್ಮ ಹೋದಮೇಲೆ ಅವಳಿಗೆ ಇದ್ದದ್ದು ಈ ಚಿಕ್ಕಮ್ಮ, ಮಹಡಿಯ ಮೇಲಿನ ಎರಡು ಕೋಣೆ, ಮತ್ತು ಅಮ್ಮ ತನ್ನ ಕೈಯಲ್ಲೇ ಬಗ್ಗಿಸಿ ಮಾಡಿದ್ದ, ಮರದ ಹಿಡಿಯ ಒಂದು ತಂತಿಯ ಬಳೆ. ಆ ಬಳೆಗೆ ಬಟ್ಟೆಯ ಚೀಲ ಕಟ್ಟಿ, ಅದರಲ್ಲಿ ಕಾಫಿಪುಡಿ ಹಾಕಿ, ಬಿಸಿನೀರು ಸುರಿಯುವುದು. ಬಟ್ಟೆ ಸವೆದಾಗ ಬದಲಾಗುತ್ತಿತ್ತು, ಬಳೆ ಮಾತ್ರ ಅದೇ.

"ಯಾರೋ ಬಂದಿದಾನೆ ಕಣೇ. ಹಣೆ ಮೇಲೆ ಬೋರೆಕಾಯಿ ಗಾತ್ರದ ಊತ ಇದೆ."

ಸ್ಪ್ಯಾನರ್ ಪೊಟ್ಟಣ ಬಿಚ್ಚಿದ. ಹತ್ತಿಬಟ್ಟೆಯ ಪುಟ್ಟ ಚೀಲ. ಹೊಲಿಗೆಯೋ, ದೇವರಿಗೇ ಪ್ರೀತಿ! ದಾರಿ ತಪ್ಪಿದ ಇರುವೆಗಳ ಸಾಲಿನಂತೆ ಎತ್ತಲೋ ಹೋಗಿ ಎತ್ತಲೋ ಬಂದಿತ್ತು. ಅವನ ಬೆರಳುಗಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಗುರುತು.

ಅವಳು ಅದನ್ನು ಕಂಡೂ ಕಾಣದವಳಂತೆ ಚೀಲವನ್ನು ಬಳೆಗೆ ಕಟ್ಟಿದಳು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಮೊದಲು ಚೆನ್ನಾಗಿ ಕುದಿಸಬೇಕು ಎಂದು ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿತ್ತು. ಬೇಕೆಂದೇ ಕುದಿಸಲಿಲ್ಲ! ಹಾಗೇ ಕಾಫಿ ಇಳಿಸಿ, ಹಾಲು ಬೆರೆಸಿ, ಲೋಟ ಅವನ ಮುಂದಿಟ್ಟಳು.

ಅವನು ಒಂದು ಗುಟುಕು ಕುಡಿದ. ಮುಖ ಸೊಟ್ಟಗಾಯಿತು. ಆದರೂ ಲೋಟ ಕೆಳಗಿಡದೆ ಪೂರ್ತಿ ಕುಡಿದ.

"ಹೇಗಿದೆ?"

"ನಿಜ ಹೇಳ್ಲಾ?... ಇಸ್ತ್ರಿ ಮಾಡಿದ ಶರ್ಟ್ ಕುಡಿದ ಹಾಗಿದೆ."

ಅವಳು ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಒಳಗಿನಿಂದ ಚಿಕ್ಕಮ್ಮ ಇಣುಕಿ ನೋಡಿದಳು. ಈ ಮನೆಯಲ್ಲಿ ಅಂಥ ನಗು ಕೇಳಿ ಎಷ್ಟೋ ದಿನವಾಗಿತ್ತು.

ಅಂದೇ ಅವನಿಗೆ ಪಾಠ ಶುರುವಾಯಿತು.

"ಮೊದ್ಲು ಸ್ವಲ್ಪ ಹಳೇ ಕಾಫಿಪುಡಿ ಹಾಕಿ ಬಟ್ಟೆ ಕುದಿಸ್ಬೇಕು. ನಯ ಇರೋ ಕಡೆ ಒಳಗೆ. ಕೆಲಸ ಆದ್ಮೇಲೆ ಬರೀ ನೀರಲ್ಲಿ ತೊಳೆದು, ಬಟ್ಟಲಲ್ಲಿ ನೀರು ತುಂಬಿ, ಅದ್ರಲ್ಲಿ ಮುಳುಗಿಸಿ ಫ್ರಿಜ್ಜಲ್ಲಿ ಇಡ್ಬೇಕು. ಒಣಗಿದ್ರೆ ವಾಸನೆ ಬರುತ್ತೆ. ಆದ್ರೆ ಸೋಪು... ಸೋಪು ಮಾತ್ರ ಜಪ್ಪಯ್ಯ ಅಂದ್ರೂ ತಾಗಿಸ್ಬಾರ್ದು! ನೂಲಿನೊಳಗೆ ಕೂತ್ರೆ ಹೋಗೋದೇ ಇಲ್ಲ."

"ಕಂದು ಆಗಿಬಿಡುತ್ತಲ್ಲ?"

"ಆಗ್ಲಿ. ಅದು ಕೊಳೆ ಅಲ್ಲ, ಕಾಫಿ!"

"ಮರೆತುಹೋದ್ರೆ?"

"ಮರೆತವರು ನನ್ನ ಅಡುಗೆಮನೆ ಹೊಸ್ತಿಲು ದಾಟೋ ಹಾಗಿಲ್ಲ."

ಅವನು ಮರೆಯಲಿಲ್ಲ. ಮುಂದಿನ ಭಾನುವಾರವೂ ಬಂದ, ಅದರ ಮುಂದಿನ ಭಾನುವಾರವೂ ಬಂದ. ಅತ್ತ ಮುದ್ರಣಾಲಯದಲ್ಲಿ, ಸರಿಮಾಡಿದ ಯಂತ್ರ ವಾರ ತಿರುಗುವಷ್ಟರಲ್ಲಿ ಮತ್ತೆ ಕೆಡತೊಡಗಿತು. "ಈ ಮಷೀನಿಗೆ ರೋಗ ಇದೆಯೋ, ಮೆಕ್ಯಾನಿಕ್ಕಿಗೆ ರೋಗ ಇದೆಯೋ!" ಎಂದು ಯಜಮಾನರು ಗಾಜಿನ ಕೋಣೆಯತ್ತ ನೋಡುತ್ತಲೇ ಗೊಣಗಿದರು. ಅವಳು ತಲೆ ಬಗ್ಗಿಸಿ ಕರಡು ತಿದ್ದಿದಳು. ಕಿವಿ ಮಾತ್ರ ಕೆಂಪಗಾಗಿತ್ತು.

ಒಂದು ಭಾನುವಾರ ಅವನು ಖಾಲಿ ಲೋಟವನ್ನು ತಿರುಗಿಸುತ್ತ ಕೇಳಿದ.

"ನಮ್ಮನೆಗೆ ಬರ್ತೀರಾ? ಅಕ್ಕನ್ನ ನೋಡೋಕೆ..."

ಅವನನ್ನು ಸಾಕಿ ಬೆಳೆಸಿದವಳು ಆ ಅಕ್ಕ. ಅವಳ ಮುಂದೆ ನಿಲ್ಲುವುದೆಂದರೆ ಏನರ್ಥ ಎಂದು ಇಬ್ಬರಿಗೂ ಗೊತ್ತಿತ್ತು.

*

ಅಕ್ಕ ಲಾಂಡ್ರಿ ನಡೆಸುತ್ತಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ಎಲ್ಲಿ ನೋಡಿದರೂ ಕಣ್ಣು ಕುಕ್ಕುವ ಬಿಳಿ ಹೊದಿಕೆಗಳು.

"ಬಾಮ್ಮಾ, ಬಾ! ಇವನು ಬಾಯಿ ಬಿಟ್ರೆ ನಿನ್ನ ಕಾಫಿ ವಿಷಯವೇ. ಅದೇನು ಮಾಡ್ತೀಯೋ ನೋಡೇಬಿಡೋಣ," ಎಂದು ಅಕ್ಕ ಅವಳ ಕೈ ಹಿಡಿದುಕೊಂಡಳು. ಒರಟು ಕೈ, ಆದರೆ ಎಂಥ ಬೆಚ್ಚಗಿನ ಹಿಡಿತ!

ಅವಳು ಡಬ್ಬಿ ತೆರೆದು ತನ್ನ ಬಟ್ಟೆ ತೆಗೆಯುತ್ತಿದ್ದಂತೆ ಅಕ್ಕನ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಅಂಗಡಿಗೆ ಒಂದು ಗಾಡಿ ತುಂಬ ಬಟ್ಟೆ ಬಂತು. ಅಕ್ಕ ಓಡಿದಳು. ಎಷ್ಟು ಕಾದರೂ ಕೆಲಸ ಮುಗಿಯಲಿಲ್ಲ. ಕೊನೆಗೆ ಕಾಫಿ ಮಾಡದೆಯೇ, ದಾರಿಯ ಬಿಸಿಲಿಗೆ ಬಟ್ಟೆ ಕೆಡಬಾರದೆಂದು ಡಬ್ಬಿಯನ್ನು ಅವರ ಫ್ರಿಜ್ಜಿನಲ್ಲೇ ಬಿಟ್ಟು ಅವಳು ಹೊರಟಳು.

"ನಾಳೆ ನಾನೇ ತಂದುಕೊಡ್ತೀನಿ," ಎಂದ ಅವನು.

ತಂದುಕೊಟ್ಟ. ಆದರೆ ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟಳು.

ನೀರಿಲ್ಲ. ಕಂದು ಬಣ್ಣವಿಲ್ಲ. ಬೆಳ್ಳಗೆ ಹೊಳೆಯುವ ಬಟ್ಟೆ, ಮಡಿಸಿ, ಇಸ್ತ್ರಿ ಮಾಡಿ ಇಟ್ಟಿತ್ತು! ಸೋಪಿನ ಘಾಟು ಮೂಗಿಗೆ ಹೊಡೆಯಿತು.

"ಯಾರು ಮಾಡಿದ್ದು ಇದನ್ನ?"

ಅವನ ಕಣ್ಣು ನೆಲ ನೋಡಿತು. "...ನಾನೇ."

"ನೀವಾ? ಎಲ್ಲಾ ಗೊತ್ತಿದ್ದೂ?"

"ಮನೇಲಿ... ಅಕ್ಕ... ಸುಮ್ನೆ ಬೇಜಾರು ಬೇಡ ಅಂತ..."

ಅಷ್ಟು ಸಾಕಾಯಿತು ಅವಳಿಗೆ. 'ನಾಚಿಕೆಯಾಗಿದೆ ಇವನಿಗೆ! ಅಕ್ಕನ ಬಿಳೀ ಮನೆಯಲ್ಲಿ ನನ್ನ ಕಂದು ಬಟ್ಟೆ ಕಂಡು ಮಾನ ಹೋಗಿದೆ!'

"ನಾಳೆ ನನ್ನನ್ನೂ ಹೀಗೇ ಒಗೆದು, ಇಸ್ತ್ರಿ ಮಾಡಿ ಮನೆ ತುಂಬಿಸ್ಕೋಬೇಕು ಅಂತ ಇದ್ದೀರಾ?"

"ಮೇಡಂ, ಹಾಗಲ್ಲ..."

"ಮತ್ತೆ ಹೇಗೆ? ಹೇಳಿ!"

ಅವನು ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತ ನಿಂತ.

"ಹೊರಡಿ. ಇನ್ನು ಭಾನುವಾರ ಬರೋದು ಬೇಡ."

*

"ಒಂದು ತುಂಡು ಬಟ್ಟೆಗೋಸ್ಕರ ಚಿನ್ನದಂಥ ಹುಡುಗನ್ನ ಕಳ್ಕೋತೀಯೇನೇ?" ಚಿಕ್ಕಮ್ಮನ ರಾಗ ದಿನವೂ ನಡೆಯಿತು. "ಒಂದು ಮಷೀನ್ ತಗೊಂಡ್ರೆ ಆಯ್ತಪ್ಪ!"

"ಬಟ್ಟೆ ವಿಷಯ ಅಲ್ಲ ಚಿಕ್ಕಮ್ಮ."

"ಮತ್ತೇನು? ನಿನ್ನ ಹಠದ ವಿಷಯ!"

"ಹೌದು. ನನ್ನ ಹಠದ್ದೇ. ನಾನಿರೋದೇ ಹೀಗೆ. ಇಷ್ಟ ಇದ್ರೆ ಹೀಗೇ ಬೇಕು ಅನ್ಲಿ. ಇಲ್ಲಾಂದ್ರೆ ಬೇಡ ಅನ್ಲಿ!"

ಬಾಯಲ್ಲಿ ಅಷ್ಟು ಬೆಂಕಿ. ಆದರೆ ಒಂದು ಸಂಜೆ, ಚಿಕ್ಕಮ್ಮ ಇಲ್ಲದಾಗ, ಆ ಬಿಳೀ ಚೀಲವನ್ನೇ ಬಳೆಗೆ ಕಟ್ಟಿ ಕಾಫಿ ಇಳಿಸಿದಳು. ಬಾಯಿಗಿಟ್ಟರೆ ಬರೀ ಸೋಪು. ಕುಡಿಯಲಾಗಲಿಲ್ಲ. ಚೆಲ್ಲಲೂ ಮನಸ್ಸು ಬರಲಿಲ್ಲ. ಎಷ್ಟು ಬಿಳುಪಾದರೂ ಆ ಸೊಟ್ಟ ಹೊಲಿಗೆ ಮಾತ್ರ ಹಾಗೇ ಇತ್ತು... ಅದನ್ನು ನೋಡಿಯೇ ಅವಳಿಗೆ ಅಳು ಉಕ್ಕಿ ಬಂತು.

ಅವನು ಬರಲಿಲ್ಲ. ಯಂತ್ರ ನಿಜವಾಗಿಯೂ ಕೆಟ್ಟಾಗಲೂ ಬೇರೆ ಮೆಕ್ಯಾನಿಕ್ ಬಂದ. ತಿಂಗಳು ಉರುಳಿತು. ಕಾದೂ ಕಾದೂ ಒಂದು ಮಧ್ಯಾಹ್ನ ಅವಳೇ ಎದ್ದಳು.

'ಮನೆಯಲ್ಲಿ ಕೂತು ಮೂಗು ಒರೆಸಿಕೊಳ್ಳುವವಳು ನಾನಲ್ಲ. ಬೇಡ ಎನ್ನುವುದಾದರೂ ಅವನ ಅಕ್ಕನ ಮುಖಕ್ಕೆ ಹೇಳಿಯೇ ಬರುತ್ತೇನೆ!'

ಬಿಳೀ ಚೀಲವನ್ನು ಕೈಯಲ್ಲಿ ಹಿಡಿದು ಲಾಂಡ್ರಿಗೆ ನುಗ್ಗಿದಳು. ಹಿಂದುಗಡೆ ಸ್ಪ್ಯಾನರ್ ಬಟ್ಟೆ ಒಗೆಯುವ ಯಂತ್ರವನ್ನು ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ತಟ್ಟನೆ ಎದ್ದು, ಈ ಸಲವೂ ಹಣೆ ಬಡಿಸಿಕೊಂಡ.

"ಅಕ್ಕಾ, ಒಂದು ಮಾತು ಹೇಳಿ ಹೋಗೋಕೆ ಬಂದೆ..."

"ಎಷ್ಟು ದಿನ ಆಯ್ತಮ್ಮಾ ನಿನ್ನ ನೋಡಿ!" ಅಕ್ಕನ ಮುಖ ಅರಳಿತು. ಕಣ್ಣು ನೇರ ಆ ಚೀಲದ ಮೇಲೆ ಬಿತ್ತು. "ನೋಡು, ನೋಡು! ಹೇಗೆ ಬೆಳ್ಳಗಾಗಿದೆ! ರಾತ್ರಿಯೆಲ್ಲ ನೆನೆಸಿ, ಕುದಿಸಿ, ಕೈಯಲ್ಲೇ ಉಜ್ಜಿದೆ. ಅಂಗೈ ಸುಲಿದುಹೋಯ್ತು. ಮನೆಗೆ ಬರೋ ಹುಡುಗಿ ಬಟ್ಟೇಲಿ ಕಲೆ ಇರ್ಬಾರ್ದು ಅಂತ..."



ಅವಳು ನಿಧಾನವಾಗಿ ತಿರುಗಿ ಅವನನ್ನು ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು.

'ಇವನಲ್ಲ! ಇವನು ಮುಟ್ಟಿಯೂ ಇಲ್ಲ!'

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕರಗಿಬಿಡುತ್ತಿದ್ದರು. ಇವಳಿಗೆ ಕೋಪ ಇಮ್ಮಡಿಯಾಯಿತು!

"ಅಕ್ಕನ ಮನಸ್ಸು ನೋಯಬಾರದು, ಅದಕ್ಕೆ ಸುಳ್ಳು ಹೇಳಿದ್ರಿ. ಸರಿ. ನಾಳೆ ನಾನು ಈ ಮನೆಗೆ ಬಂದ್ರೆ? ಇಬ್ರ ಮಧ್ಯೆ ಹೀಗೇ ತೇಪೆ ಹಾಕ್ತಾ ಇರ್ತೀರಾ? ನಾನು ದಿನಾ ಸೋಪಿನ ಕಾಫಿ ಕುಡೀಬೇಕಾ? ಈಗ್ಲೇ ಹೇಳಿ. ನನ್ನ ಮುಂದೆ, ಅಕ್ಕನ ಮುಂದೆ. ಇಲ್ಲಾಂದ್ರೆ ಈಗ್ಲೇ ಹೊರಟೆ!"



ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಅಕ್ಕಾ... ಆ ಬಟ್ಟೆ ಹಾಳಾಯ್ತು. ನೀನು ಸೋಪು ಹಾಕಿ ಹಾಳು ಮಾಡಿದೆ. ಅದು ಕಲೆ ಅಲ್ಲ. ಅದು ಹಾಗೇ ಇರಬೇಕಿತ್ತು. ಇವರೂ ಹೀಗೇ ಇರಬೇಕು ಅಕ್ಕಾ... ನಂಗೆ ಹೀಗೇ ಇಷ್ಟ."

ಅಕ್ಕನ ಮುಖ ಕೆಂಪಗಾಯಿತು, ಆಮೇಲೆ ಸಪ್ಪಗಾಯಿತು. "ನಾನು... ಹಾಳು ಮಾಡಿದ್ನಾ? ಮೊದ್ಲೇ ಯಾಕೋ ಹೇಳ್ಲಿಲ್ಲ, ಮಂಕೇ?"

"ನಿನ್ನ ಕೈ ನೋಡಿ ಬಾಯಿ ಬರ್ಲಿಲ್ಲ."

"ಹೂಂ!" ಅಕ್ಕ ಸೆರಗಿನಿಂದ ಕಣ್ಣೊರೆಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು. "ಕಲೆ ತೆಗೆಯೋದು ನನ್ನ ಕೆಲಸ ಕಣಮ್ಮಾ. ತಪ್ಪಾಯ್ತು ಅಂತ ಇಷ್ಟು ಬೇಗ ಒಪ್ಪಲ್ಲ. ಮೊದ್ಲು ಆ ಕಾಫಿ ಕುಡಿಸು. ಚೆನ್ನಾಗಿದ್ರೆ ಒಪ್ಕೋತೀನಿ!"

ಅವಳಿಗೆ ಅಕ್ಕ ಅಲ್ಲೇ ಇಷ್ಟವಾಗಿಬಿಟ್ಟಳು. ತನ್ನ ಜಾತಿಯದೇ ಮೊಂಡು! "ಕುಡಿಸ್ತಿದ್ದೆ. ಆದ್ರೆ ಬಟ್ಟೆ?"

"ಇದೆ," ಎಂದ ಅವನು.

ಅಡುಗೆಮನೆಯ ಫ್ರಿಜ್ಜಿನ ಮೂಲೆಯಿಂದ, ಔಷಧಿಯ ಹಿಂದೆ ಅಡಗಿಸಿಟ್ಟಿದ್ದ ಬಟ್ಟಲೊಂದನ್ನು ತಂದ. ನೀರಿನಲ್ಲಿ ಮುಳುಗಿದ್ದ ಬಟ್ಟೆಯ ಚೀಲ. ಕಂದು ಬಣ್ಣ! ಹೊಲಿಗೆ ಮೊದಲಿಗಿಂತ ಸ್ವಲ್ಪ ನೇರವಾಗಿತ್ತು. ಬಾಯಿಗೆ ಅವನೇ ಬಗ್ಗಿಸಿದ ತಂತಿಯ ಬಳೆ.

"ಹೊರಡಿ ಅಂದ್ರಲ್ಲ, ಅವತ್ತೇ ಹೊಲಿದೆ. ಹೊಸದನ್ನೇ ತಂದ್ರೆ ಗಂಜಿ ವಾಸನೆ ಬರುತ್ತಲ್ಲ... ಕುದಿಸಿ, ದಿನಾ ಬೆಳಿಗ್ಗೆ ಅಕ್ಕ ಏಳೋ ಮೊದ್ಲು ಕಾಫಿ ಇಳಿಸಿ ಪಳಗಿಸ್ದೆ."

"ಅದಕ್ಕೇನಾ ಇಷ್ಟು ದಿನ ಬರ್ಲಿಲ್ಲ?"

"ಬಟ್ಟೆ ಚೆನ್ನಾಗಿ ಕಂದಾಗ್ಲಿ ಅಂತ ಕಾಯ್ತಿದ್ದೆ."

ಹೇಗೆ ಬೈಯುವುದು ಇಂಥವನನ್ನು! ಅವಳು ಬಟ್ಟೆ ಎತ್ತಿ ಹಿಂಡಿದಳು. ಬೆರಳು ಆಡಿಸಿ ನೋಡಿದಳು. ನಯವಾದ ಕಡೆ ಒಳಗೇ ಇತ್ತು.

"ಇಷ್ಟು ದೊಡ್ಡದು ಯಾಕೆ? ನನ್ನದು ಸಣ್ಣದಲ್ವಾ?"

"ಅದು ಒಬ್ಬರಿಗೆ..." ಅವನು ತಲೆ ಕೆರೆದುಕೊಂಡ. "ಇದು ಮೂವರಿಗೆ."

ಅವಳು ನೀರು ಕಾಯಲಿಟ್ಟಳು. ಕಣ್ಣು ಮಂಜಾಗಿದ್ದಕ್ಕೆ ಹಬೆಯ ನೆಪ ಸಿಕ್ಕಿತು. ಪುಡಿಯ ಮೇಲೆ ಬಿಸಿನೀರು ಬಿದ್ದು ನೊರೆ ಉಬ್ಬಿತು, ಸೋಪಿನ ಮನೆಯ ತುಂಬ ಕಾಫಿಯ ಘಮ ಹರಡಿತು.

ಅಕ್ಕ ಒಂದು ಗುಟುಕು ಕುಡಿದಳು. ಇನ್ನೊಂದು. ಲೋಟ ಖಾಲಿ ಮಾಡಿ, ಮುಂದೆ ಚಾಚಿದಳು.

"ಇನ್ನೊಂದು ಸ್ವಲ್ಪ ಹಾಕು... ಆಯ್ತು, ತಪ್ಪಾಯ್ತು! ಸಾಕಾ?"

ಲೋಟ ತುಂಬಿಸಿಕೊಂಡು, ಬೇಕೆಂದೇ ಕೆಮ್ಮುತ್ತ ಅಕ್ಕ ಅಂಗಡಿಗೆ ಹೋದಳು.

ಉಳಿದವರು ಇಬ್ಬರೇ.

"ಮೇಡಂ... ನಮ್ಮನೆಗೆ ಬರ್ತೀರಾ? ಪೂರ್ತಿಯಾಗಿ?"

"ಮೇಡಂ ಆಗಿ ಬರಲ್ಲ."

"ಮತ್ತೆ?"

"ನೀನು ಅನ್ನಿ. ಆಮೇಲೆ ಯೋಚ್ನೆ ಮಾಡ್ತೀನಿ."

ಅವನ ಕಿವಿ ಕೆಂಪಾಯಿತು. ಯಂತ್ರದ ಎಂಥ ಬಿಗಿ ನಟ್ಟನ್ನೂ ಬಿಚ್ಚುತ್ತಿದ್ದವನಿಗೆ ಆ ಒಂದು ಮಾತು ಬಿಚ್ಚಲು ಹೊತ್ತು ಹಿಡಿಯಿತು.

"ನೀನು... ಬಾರೇ."

"ಬರ್ತೀನಿ ಕಣೋ," ಎಂದಳು ಅವಳು, ಅವನ ಹಣೆಯ ಹೊಸ ಬೋರೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟುತ್ತ. "ಮೊದ್ಲು ಹೋಗಿ ಆ ಬಟ್ಟೆ ತೊಳಿ... ಬರೀ ನೀರಲ್ಲಿ!"