ಅಂಚು ಸವೆದ ಪದಕ

ಪದಕದ ಅಂಚಿನಲ್ಲಿ ಹೆಸರಿರಲಿಲ್ಲ. ವಾಯುಪಡೆ ಮ್ಯೂಸಿಯಂನಲ್ಲಿ ಹಳೆಯ ಪದಕಗಳನ್ನು ಪರೀಕ್ಷಿಸುವ ಯುವಕನಿಗೆ ವಾರದಿಂದ ಗಂಟಲಲ್ಲಿ ಮುಳ್ಳು ಸಿಕ್ಕಂತಾಗಿದ್ದುದು ಅದಕ್ಕೇ. ಶೌರ್ಯಪದಕವೆಂದರೆ ಅಂಚಿನಲ್ಲಿ ಪಡೆದವನ ಹೆಸರು, ಸೇವಾಸಂಖ್ಯೆ ಕೊರೆದಿರಬೇಕು. ಉಜ್ಜಿ ಅಳಿಸಿದ್ದರೆ ಕದ್ದದ್ದೋ ಕೊಂಡದ್ದೋ ಎಂದೇ ಈ ಕಸುಬಿನವರ ಲೆಕ್ಕ.

ತಂದುಕೊಟ್ಟವಳು ಒಬ್ಬ ನರ್ಸು. ಯುದ್ಧದಲ್ಲಿ ವಿಮಾನ ಹಾರಿಸಿದ ತಾತನ ವಿವರ ಹುಡುಕಿಕೊಂಡು ಬಂದವಳು, ಡ್ಯೂಟಿ ಮುಗಿಸಿ ದಿನಾ ಬರತೊಡಗಿದ್ದಳು. ಉರಿಯುವ ವಿಮಾನದೊಳಕ್ಕೆ ಮರಳಿ ನುಗ್ಗಿ ಗೆಳೆಯನನ್ನು ಎಳೆದು ತಂದದ್ದಕ್ಕೆ ತಾತನಿಗೆ ಪದಕ ಸಿಕ್ಕಿದ್ದು ನಿಜವೆಂದು ಇಬ್ಬರೂ ಸೇರಿ ಪತ್ತೆಹಚ್ಚಿದ್ದರು. ಆದರೆ ಆ ಪದಕ ಇದೇನಾ? ಎಲ್ಲಕ್ಕೂ ಭೂತಗನ್ನಡಿ ಹಿಡಿಯುವವನು ಇದೊಂದಕ್ಕೆ ಹಿಡಿದಿರಲಿಲ್ಲ. ಮನಸ್ಸು ಹೆದರಿದರೆ, ದೇವರು ಕೊಟ್ಟ ಕಣ್ಣೂ ಕೆಲಸಕ್ಕೆ ಬಾರದು.

ಇಂದು ಅವಳು ಅಜ್ಜಿಯನ್ನೂ ಕರೆತಂದಿದ್ದಳು. ನಾಳೆ ಮ್ಯೂಸಿಯಂನಲ್ಲಿ ಶುರುವಾಗುವ ಪ್ರದರ್ಶನದಲ್ಲಿ ಗಂಡನ ಪದಕ ಎಲ್ಲರೆದುರು ಇರುವುದನ್ನು ಕಣ್ತುಂಬ ನೋಡಬೇಕೆಂಬುದೊಂದೇ ಅಜ್ಜಿಗೆ ಉಳಿದ ಆಸೆ.

"ಇಡ್ತೀರೋ ಇಲ್ವೋ? ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತಾನೇ ಇದೀರ," ಎಂದಳು ನರ್ಸು. ಎಂದಿನ ತುಂಟನಗೆ ಕಣ್ಣಂಚಿನಲ್ಲಿರಲಿಲ್ಲ.

ಅವನು ಅಳಿಸಿಹೋದ ಹೆಸರಿನ ವಿಷಯ ಹೇಳಿದ. ಮೆಲ್ಲಗೆ ಕೊಟ್ಟರೂ ಏಟು ಏಟೇ. ಅವಳು ಅವನಿಂದ ಮುಖ ತಿರುಗಿಸಿ ಅಜ್ಜಿಯ ಪಕ್ಕಕ್ಕೆ ಸರಿದಳು.

ಅಜ್ಜಿ ಕೈಚಾಚಿ ಪದಕ ತೆಗೆದುಕೊಂಡಳು. ಹೆಬ್ಬೆರಳು ತಾನಾಗಿ ಅಂಚಿಗೆ ಹೋಗಿ ಕೂತಿತು.

"ಅಳಿಸಿದೋಳು ನಾನೇ ಕಣಪ್ಪ. ಇದನ್ನ ನನ್ನ ಕೈಲಿಟ್ಟು ಮತ್ತೆ ಹಾರೋಕೆ ಹೋದೋರು ಬರಲೇ ಇಲ್ಲ. ಜಪ ಮಾಡೋರಿಗೆ ಮಣಿ ಇರುತ್ತೆ. ನಂಗೆ ಈ ಹೆಸರಿತ್ತು."

ಅವನು ಕೊನೆಗೂ ಭೂತಗನ್ನಡಿ ಹಿಡಿದ. ಅರದಿಂದ ಉಜ್ಜಿದ ಗೀರು ಒಂದೂ ಇಲ್ಲ. ಬೆರಳಗಲದ ನುಣುಪು ತಗ್ಗು. ಅದು ಮುಗಿಯುವಲ್ಲಿ, ಬರಿಗಣ್ಣಿಗೆ ಕಾಣದಷ್ಟು ಮಸುಕಾಗಿ, ಇಬ್ಬರೂ ಸೇರಿ ಹುಡುಕಿದ ತಾತನ ಸೇವಾಸಂಖ್ಯೆಯ ಕೊನೆಯ ಅಂಕಿಗಳು.

"ಅವರದ್ದೇ. ಹೀಗೇ ಇಡ್ತೀನಿ ಅಜ್ಜಿ," ಎಂದ.

ಅಜ್ಜಿ ಗಾಜಿನ ಪೆಟ್ಟಿಗೆ ನೋಡುವ ನೆಪದಲ್ಲಿ ಆಚೆ ನಡೆದಳು.

"ಅನುಮಾನ ಬಂದ ದಿನಾನೇ ಯಾಕೆ ಹೇಳ್ಲಿಲ್ಲ?" ಎಂದಳು ನರ್ಸು.

"ಹೇಳಿದ್ರೆ ನೀವು ಮತ್ತೆ ಬರ್ತಿರಲಿಲ್ಲ. ನಂಗೆ ಅದೊಂದೇ ಭಯ."

ಅವಳು ಬ್ಯಾಗು ಹೆಗಲಿಗೇರಿಸಿ ಬಾಗಿಲ ಕಡೆ ನೋಡಿದಳು.

"ಬರ್ತಿದ್ದೆ," ಎಂದಳು. "ಜಗಳ ಆಡೋಕೆ."

ಬ್ಯಾಗು ಇಳಿಸಿ, ಅವನೆದುರಿನ ಕುರ್ಚಿ ಎಳೆದು ಕೂತಳು.