ಕಾರ್ಡಿನ ಪ್ರಕಾರ ನಾನು ಹೊರಗೆ

ದೆವ್ವ ಅಂದರೆ ನಗುವವನು ನಾನು. ಇದನ್ನೂ ದೆವ್ವ ಎನ್ನಲಾರೆ.

ಆ ಮಧ್ಯಾಹ್ನ ಸರ್ವರ್ ರೂಮಿನಲ್ಲಿ ಒಬ್ಬನೇ ಕೂತು ಆಫೀಸಿನ ಹೊಸ ಗುರುತಿನ ಕಾರ್ಡುಗಳಿಗೆ ನಿಯಮ ಹಾಕುತ್ತಿದ್ದೆ. ಕಡೆಯ ನಿಯಮ ಇಷ್ಟೇ: ಒಮ್ಮೆ ಹೊರಗೆ ಹೋದ ಕಾರ್ಡು ಮತ್ತೆ ಒಳಗೆ ಬರುವ ತನಕ, ಅದಕ್ಕೆ ಹೊರಹೋಗುವ ಬಾಗಿಲು ತೆರೆಯಬಾರದು. ಸೇವ್ ಮಾಡಿದೆ. ಬೆನ್ನ ಹಿಂದೆ ಬಾಗಿಲು ಕೀಂ ಎಂದಿತು. ತಿರುಗಿದರೆ ಯಾರೂ ಇಲ್ಲ. ಕೊರಳಲ್ಲಿದ್ದ ಕಾರ್ಡು ಮಾತ್ರ ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು.

ಕೆಲಸ ಮುಗಿಸಿ ಕಾರ್ಡನ್ನು ಬಾಗಿಲಿಗೆ ತೋರಿಸಿದೆ. ಕೆಂಪು ದೀಪ. ಕಂಪ್ಯೂಟರ್ ಪರದೆಯಲ್ಲಿ ನನ್ನ ಹೆಸರಿನ ಮುಂದೆ 'ಹೊರಗೆ ಹೋಗಿದ್ದಾರೆ' ಎಂದಿತ್ತು. ತಿದ್ದಲು ಹೋದರೆ, ಹೊರಗಿರುವವರಿಗೆ ಅನುಮತಿ ಇಲ್ಲ ಎಂದಿತು. ನಾನೇ ಹಾಕಿದ ನಿಯಮ, ಯಾರನ್ನು ಬೈಯಲಿ?

ಗೇಟಿಗೆ ಫೋನ್ ಮಾಡಿದೆ.

"ಸಾರ್, ನೀವು ಆಗ್ಲೇ ಹೋದ್ರಲ್ಲ?" ಎಂದ ಸೆಕ್ಯೂರಿಟಿಯವನು.

"ತಮಾಷೆ ಸಾಕು ಪುಣ್ಯಾತ್ಮ, ಬಂದು ಬಾಗಿಲು ತೆಗಿ," ಎಂದು ರೇಗಿದೆ.

ಬೀಗದ ಕೈ ತಂದು ತೆಗೆದವನು ಹೊಸ್ತಿಲಾಚೆಯೇ ನಿಂತ. ದಿನಾ ಹೊಡೆಯುವ ಸೆಲ್ಯೂಟ್ ಹೊಡೆಯಲಿಲ್ಲ.

"ಮನೆಗೆ ಹೊರಡುವಾಗ ಯಾವಾಗ್ಲೂ 'ಬರ್ತೀನಪ್ಪಾ' ಅಂತೀರಿ ಸಾರ್. ಇವತ್ತು 'ಹೋಗ್ತೀನಪ್ಪಾ' ಅಂದ್ರಿ. ಅದಕ್ಕೇ ಮುಖ ಸರಿಯಾಗಿ ನೋಡ್ದೆ. ನೀವೇ."