ಬಾಣಂತಿ ಕೋಣೆಯ ಗವಾಕ್ಷಿ

"ಆ ಗವಾಕ್ಷಿ ಮಾತ್ರ ಮುಟ್ಬ್ಯಾಡಿ ಸ್ವಾಮಿ. ಅದು ಮಾಟದ ಕಟ್ಟು."

ಗಾರೆ ಕೆಲಸದ ಮುನಿಸ್ವಾಮಿ ಕರಣೆಯನ್ನು ಎದೆಗವಚಿಕೊಂಡು ಹೇಳಿದ. ಎಂಜಿನಿಯರ್ ನರಸಿಂಹಯ್ಯ ನಕ್ಕುಬಿಟ್ಟ.

೧೯೬೮ರ ಬೇಸಿಗೆ. ದೇವನಹಳ್ಳಿ ಕೋಟೆಯೊಳಗಿನ ನೂರು ವರ್ಷದ ತೊಟ್ಟಿಮನೆಯನ್ನು ಹೆರಿಗೆ ಆಸ್ಪತ್ರೆ ಮಾಡುವ ಹೊಣೆ ಅವನದು. ಕೆಡವಿ ಹೊಸದು ಕಟ್ಟಿ ಎಂದವರೊಡನೆ ಜಗಳವಾಡಿ ಮನೆಯನ್ನು ಉಳಿಸಿಕೊಂಡಿದ್ದ. ಹಳೆಯ ತೊಲೆಗಳನ್ನೇ ಮತ್ತೆ ಕೂಡಿಸಿ, ಸಿಮೆಂಟು ಸೋಕಿಸದೆ, ಸುಣ್ಣದ ಗಾರೆಯಲ್ಲೇ ಗೋಡೆಗಳನ್ನು ಗಟ್ಟಿಮಾಡಿದ್ದ. ಉಳಿದದ್ದು ಹಿಂಬದಿಯ ಬಾಣಂತಿ ಕೋಣೆಯೊಂದೇ. ಅದಕ್ಕಿದ್ದ ಒಂದೇ ಗವಾಕ್ಷಿಯನ್ನು ಯಾರೋ ಇಟ್ಟಿಗೆಯಿಟ್ಟು ಮುಚ್ಚಿದ್ದರು.

"ಗಾಳಿ ಬೆಳಕಿಲ್ಲದ ಕಡೆ ಹೆರಿಗೆ ಮಾಡಿಸೋಕಾಗುತ್ತೇನಪ್ಪಾ?"

"ಈ ಮನೆ ಸೊಸೆ ಅಕ್ಕಯಮ್ಮ ಹಸೀ ಬಾಣಂತಿ. ಅವಳ ಕಣ್ ಬಿದ್ದೇ ಹೆತ್ತ ಕೂಸು ಸತ್ತೋಯ್ತು ಅಂದ್ಬುಟ್ಟು, ಕಿಂಡಿ ಮುಚ್ಚಿ ಒಳಗೇ ಕೂಡಾಕಿ ಸಾಯ್ಸಿದ್ರು. ಈಚೆಗೆ ಬರ್ಬಾರ್ದು ಅಂತ ಮಂತ್ರವಾದಿ ಕರ್ಸಿ ಕಟ್ಟು ಹಾಕ್ಸವ್ರೆ. ಬಿಚ್ಚಿದೋನ್ನ ಅವಳು ಬಿಡಾಕಿಲ್ಲ."

"ಹಾರೆ ಕೊಡು. ನಾನೇ ಬಿಚ್ತೀನಿ."

ಮಟಮಟ ಮಧ್ಯಾಹ್ನ. ಕೋಣೆಯೊಳಗೆ ಮಾತ್ರ ಬಾವಿಯ ತಳದಂಥ ಕತ್ತಲೆ. ಬಾವಲಿ ಹಿಕ್ಕೆಯ ನಾತ. ಲಾಟೀನನ್ನು ನೆಲದ ಮೇಲಿಟ್ಟು ನರಸಿಂಹಯ್ಯ ಹಾರೆ ಬೀಸಿದ. ಮೂರನೆಯ ಏಟಿಗೆ ಇಟ್ಟಿಗೆ ಕಳಚಿತು. ಸಂದಿನಲ್ಲಿ ತಾಮ್ರದ ತಗಡು. ಅದರ ತುಂಬ ಮೊಳೆ, ಮೊಳೆಗಳಿಗೆ ಸುತ್ತಿದ ಹೆಂಗಸಿನ ಕೂದಲು. ಕಿತ್ತು ಮೂಲೆಗೆಸೆದ. ಉಳಿದ ಇಟ್ಟಿಗೆಗಳು ತಾವಾಗಿಯೇ ಉದುರಿದವು.

ಬಿಸಿಲು ಒಳಬರಲಿಲ್ಲ.

ಕಿಂಡಿಯಾಚೆ ಹಿತ್ತಲು ಕಾಣಬೇಕಿತ್ತು. ಕತ್ತಲೆಯಿತ್ತು. ಅದರೊಳಗಿಂದ ಸಾಂಬ್ರಾಣಿ, ಸುಟ್ಟ ಬೇವು, ಹಸಿ ನೆತ್ತರಿನ ವಾಸನೆ ನುಗ್ಗಿತು. ಲಾಟೀನು ಕುಗ್ಗಿ ಆರಿಹೋಯಿತು. ಕಿವಿಯ ಪಕ್ಕದಲ್ಲೇ ಯಾರೋ ಉಸಿರೆಳೆದರು. ನೀಳವಾಗಿ. ಬಹಳ ಕಾಲ ಉಸಿರು ಕಟ್ಟಿಕೊಂಡಿದ್ದವರ ಹಾಗೆ.

ಬಾಗಿಲ ಕಡೆ ಓಡಿದ. ಗೋಡೆ. ಎಡಕ್ಕೆ ತಿರುಗಿದ. ಗೋಡೆ. ತಡವರಿಸುತ್ತ ಕೈಚಾಚಿದ. ಬೆರಳಿಗೆ ಇನ್ನೊಂದು ಕೈ ಸಿಕ್ಕಿತು. ತಣ್ಣಗಿತ್ತು. ಅದಕ್ಕೆ ಉಗುರುಗಳಿರಲಿಲ್ಲ, ಗೋಡೆ ಕೆರೆದು ಕೆರೆದು ಸವೆದುಹೋಗಿದ್ದವು. ಆ ಕೈ ಅವನ ಮುಖ ಸವರಿತು. ಹುಬ್ಬು. ರೆಪ್ಪೆ. ಅಲ್ಲಿ ನಿಂತಿತು. ಒತ್ತಿತು.

"ಬೆಳಕು ಕೊಡು," ಎಂದಿತು ದನಿ.

ಅವನ ಅರಚಾಟ ಕೇಳಿ ಮುನಿಸ್ವಾಮಿ ಒಳನುಗ್ಗಿ, ನೆಲಕ್ಕೆ ಬಿದ್ದಿದ್ದವನ ಕಾಲು ಹಿಡಿದು ಹೊರಗೆಳೆದ.

ತೊಟ್ಟಿಯಲ್ಲಿ ಬಿಸಿಲು ಸುರಿಯುತ್ತಿತ್ತು. ನರಸಿಂಹಯ್ಯನ ಕಣ್ಣುಗಳು ತೆರೆದೇ ಇದ್ದವು. ಸುಣ್ಣ ಬಳಿದಂತೆ ಪೂರ್ತಿ ಬೆಳ್ಳಗೆ.

"ಲಾಟೀನು ಹಚ್ಚು," ಅಂದ.

ಮುನಿಸ್ವಾಮಿ ಇಟ್ಟಿಗೆ ರಾಶಿಯತ್ತ ಓಡಿದ. ಗಾರೆ ಕಲಸಿ, ಕೋಣೆಯ ಬಾಗಿಲಿಗೇ ಇಟ್ಟಿಗೆ ಏರಿಸತೊಡಗಿದ. ನರಸಿಂಹಯ್ಯ ಕಂಬಕ್ಕೊರಗಿ ಕೇಳಿಸಿಕೊಳ್ಳುತ್ತಿದ್ದ. ಕೊನೆಯ ಸಾಲು ಮುಗಿದಾಗ ಮೆಲ್ಲಗೆ ಹೇಳಿದ:

"ಮುಚ್ಚಿ ಏನು ಪ್ರಯೋಜನ ಮುನಿಸ್ವಾಮಿ? ಅವಳ ಉಸಿರು ನನಗೆ ಕೇಳ್ತಿದೆ. ನಿನ್ನ ಬೆನ್ನ ಹಿಂದೆ ನಿಂತಿದ್ದಾಳೆ."